ಮೂರು ಪರದೆಗಳಲ್ಲಿ ಮಹಾಲಿಂಗ

ಗುಂಡ್ಲುಪೇಟೆಯ ಫಾರೆಸ್ಟ್ ನರ್ಸರಿಯಲ್ಲಿ ಸಸಿಗಳಿಗೆ ನೀರು ಹಾಕುವ ಸುಧಾಮಣಿ ಮಂಗಳವಾರ ರಜೆ ಹಾಕಿ ಚಾಮರಾಜನಗರದ ಬಸ್ಸು ಹತ್ತಿದಳು. ಟಿ.ವಿ. ಕೊಳ್ಳಬೇಕಿತ್ತು. ಯಾವ ಕಂಪನಿಯದು ಎಂಬ ಗೊಂದಲವಿರಲಿಲ್ಲ. ಕೆಟ್ಟರೆ ಮನೆಗೇ ಬಂದು ಸರಿಮಾಡಿ ಕೊಡುವುದು ಅದೊಂದೇ ಕಂಪನಿಯವರು ಎಂದು ಜೊತೆಯ ಹೆಂಗಸರೆಲ್ಲ ಹೇಳಿದ್ದರು. ಆದರೆ ಊರಿನ ಅಂಗಡಿಯಲ್ಲಿ ಅದರದ್ದು ಒಂದೇ ಮಾಡೆಲ್ ಇತ್ತು. ಅವಳಿಗೆ ಪಕ್ಕಪಕ್ಕ ಇಟ್ಟು ನೋಡಬೇಕಿತ್ತು.

ಸೀರಿಯಲ್ ನೋಡಲು ಟಿ.ವಿ. ಬೇಕು ಎಂದೇ ಅವಳು ಎಲ್ಲರಿಗೂ ಹೇಳಿದ್ದಳು. ಬೆಳಗ್ಗೆ ಸಸಿಯ ಚೀಲಕ್ಕೆ ಮಣ್ಣು ತುಂಬುತ್ತ ಜೊತೆಯ ಹೆಂಗಸರು ಹಿಂದಿನ ದಿನದ ಕತೆ ಮಾತಾಡುವಾಗ ಅವಳಿಗೆ ಸೇರಿಸಲು ಏನೂ ಇರುತ್ತಿರಲಿಲ್ಲ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಪರ್ಸಿನ ಒಳಗಿನ ಜಿಪ್ಪಿನಲ್ಲಿ ಒಂದು ಪೆನ್‌ಡ್ರೈವ್ ಇತ್ತು. ಅದರಲ್ಲಿ ಅವಳ ಗಂಡ ಮಹಾಲಿಂಗ ಹನ್ನೊಂದು ಸೆಕೆಂಡು ಓಡಾಡುತ್ತಿದ್ದ.

ಮಹಾಲಿಂಗ ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು ಕಡೆಯ ಕಾಡಿನ ಕ್ಯಾಂಪಿನಲ್ಲಿ ವಾಚರ್ ಆಗಿದ್ದವನು. ಎರಡು ವರ್ಷದ ಹಿಂದೆ, ಬೀಟಿಗೆಂದು ಕಾಡು ಸುತ್ತಲು ಹೋಗಿದ್ದಾಗ ಲಂಟಾನ ಪೊದೆಯ ಹಿಂದಿನಿಂದ ಬಂದ ಒಂಟಿ ಆನೆ ಅವನನ್ನು ಕೊಂದಿತು. ಮಕ್ಕಳಿರಲಿಲ್ಲ. ಅವನ ನಾಲ್ಕು ಫೋಟೊಗಳಿದ್ದವು. ಉಸಿರಾಡುವ, ನಡೆಯುವ ಮಹಾಲಿಂಗ ಇದ್ದದ್ದು ಈ ವಿಡಿಯೊದಲ್ಲಿ ಮಾತ್ರ. ಹುಲಿ ಗಣತಿಗೆ ಬಂದಿದ್ದ ಕಾಲೇಜು ಹುಡುಗಿಯೊಬ್ಬಳು ತೆಗೆದದ್ದನ್ನು ಅವನ ಜೊತೆಗಾರ ಪುಟ್ಟಮಾದು ಹುಡುಕಿ ತಂದುಕೊಟ್ಟಿದ್ದ. ಸುಧಾಮಣಿಯ ಫೋನಿನಲ್ಲಿ ಗಂಡನ ಮುಖ ಅವರೆಕಾಳಿನಷ್ಟು ಕಾಣುತ್ತಿತ್ತು.

ಶೋರೂಮಿನಲ್ಲಿ ಗಿರಾಕಿಗಳಿರಲಿಲ್ಲ. ಗೋಡೆಯ ಉದ್ದಕ್ಕೂ ಟಿ.ವಿ.ಗಳು ಒಂದೇ ಜಲಪಾತವನ್ನು ತೋರಿಸುತ್ತಿದ್ದವು. ಕಂಪನಿಯ ಟೀಶರ್ಟು ಹಾಕಿದ್ದ ಸೇಲ್ಸ್ ಹುಡುಗಿ ಎದ್ದು ಬಂದಳು. ಎದೆಯ ಮೇಲೆ ವನಿತಾ ಎಂಬ ಹೆಸರಿನ ಪಟ್ಟಿ.

"ಬನ್ನಿ ಅಕ್ಕ. ಇದು ಮೂವತ್ತೆರಡು ಇಂಚು, ಎಚ್‌ಡಿ ರೆಡಿ. ಇದು ನಲವತ್ಮೂರು, ಫುಲ್ ಎಚ್‌ಡಿ. ಆ ಕೊನೇದು ಐವತ್ತೈದು, ಫೋರ್ ಕೆ. ಮೂರೂ ನಮ್ಮವೇ. ಮನೇಲಿ ಎಷ್ಟು ಜನ ಇದ್ದೀರಾ?"

"ನಾನೊಬ್ಳೆ."

ವನಿತಾ ಮೂವತ್ತೆರಡರ ಕಡೆ ತಿರುಗಿದಳು.

"ನಂದೊಂದು ವಿಡಿಯೊ ಅದೆ ಕಣವ್ವ," ಎಂದು ಸುಧಾಮಣಿ ಪೆನ್‌ಡ್ರೈವ್ ಚಾಚಿದಳು. "ಮೂರ್ರಲ್ಲೂ ಆಕಿ ತೋರುಸ್ತೀಯಾ?"

ಮೂವತ್ತೆರಡರಲ್ಲಿ ಜಲಪಾತ ಮಾಯವಾಗಿ ಕ್ಯಾಂಪಿನ ಅಂಗಳ ಬಂತು. ಕಾಡ್ಗಿಚ್ಚು ಹರಡದಂತೆ ಸವರುವ ಬೆಂಕಿ ರೇಖೆಯ ಬಗ್ಗೆ ಸಾಹೇಬರೊಬ್ಬರು ಏನೋ ಹೇಳುತ್ತಿದ್ದಾರೆ, ಗಾಳಿಯ ಸದ್ದಿನಲ್ಲಿ ಕೇಳುವುದಿಲ್ಲ. ವಾಚರುಗಳು ಸಾಲಾಗಿ ನಿಂತಿದ್ದಾರೆ. ಮೂರನೆಯವನು ಮಹಾಲಿಂಗ. ಸಾಹೇಬರು ಕೈಬೀಸುತ್ತಾರೆ, ಎಲ್ಲರೂ ಬಲಕ್ಕೆ ತಿರುಗಿ ನಡೆಯುತ್ತಾರೆ. ಅಷ್ಟೆ. ಮುಖ ಈಗ ನಿಂಬೆಹಣ್ಣಿನಷ್ಟಾಗಿತ್ತು.

"ಇದ್ರಲ್ಲಿ ನೋಡಿ ಅಕ್ಕ, ಬೇರೇನೇ ಇರತ್ತೆ," ಎಂದು ವನಿತಾ ಐವತ್ತೈದಕ್ಕೆ ಹಾಕಿದಳು. ಅಂಗಳ ಗೋಡೆಯಷ್ಟಾಯಿತು. ಕಾಡು ಕಣ್ಣು ಕುಕ್ಕುವಷ್ಟು ಹಸಿರಾಯಿತು. ಮಹಾಲಿಂಗನ ಮುಖ ಮಾತ್ರ ಮೇಣ ಸವರಿದಂತಿತ್ತು. ಗಲ್ಲದ ಮೇಲಿನ ಸಿಡುಬಿನ ಕಲೆಗಳೇ ಇಲ್ಲ.

"ಇವ್ರಲ್ಲ," ಎಂದಳು ಸುಧಾಮಣಿ ಥಟ್ಟನೆ.

ವನಿತಾಗೆ ಆಗ ಅರ್ಥವಾಯಿತು. ಮಾರುವ ದನಿ ಬಿಟ್ಟು ಮೆತ್ತಗೆ ಹೇಳಿದಳು: "ವಿಡಿಯೊ ಹಳೇದಲ್ವಾ ಅಕ್ಕ. ದೊಡ್ಡ ಟಿ.ವಿ. ಇಲ್ದೇ ಇರೋದನ್ನ ತಾನೇ ತುಂಬ್ಕೊಳತ್ತೆ. ನಡುವಿಂದು ನೋಡಿ."

ನಲವತ್ಮೂರರಲ್ಲಿ ಕಲೆಗಳು ವಾಪಸು ಬಂದವು. ಸುಧಾಮಣಿ ಇನ್ನೊಮ್ಮೆ ಹಾಕಿಸಿದಳು, ಮತ್ತೊಮ್ಮೆ. ಮೂರನೆಯ ಸಲ ಮುಖ ಬಿಟ್ಟು ಅವನ ಮೈಯನ್ನೆಲ್ಲ ನೋಡಿದಳು. ಎಡಗಾಲಿಗೆ ಪಂಚೆಯ ಹರಕು ಸುತ್ತಿತ್ತು. ಉಳಿದವರೆಲ್ಲ ಬೂಟು ಹಾಕಿದ್ದರು, ಅವನಿಗೆ ಆ ಕಾಲಿಗೆ ಹವಾಯಿ ಚಪ್ಪಲಿ. ತಿರುಗಿ ನಡೆಯುವಾಗ ಪಕ್ಕದವನ ಹೆಗಲು ಹಿಡಿದುಕೊಂಡ.

"ಯಾವತ್ತಿನ ವಿಡಿಯೊ ಅಂತ ಇದ್ರಲ್ಲಿ ಗೊತ್ತಾಯ್ತದಾ?"

ವನಿತಾ ರಿಮೋಟು ಒತ್ತಿ ತಾರೀಕು ಓದಿದಳು. ಫೆಬ್ರವರಿ ಒಂಬತ್ತು.

ಅದರ ಹಿಂದಿನ ದಿನ, ಫೆಬ್ರವರಿ ಎಂಟಕ್ಕೆ, ಸುಧಾಮಣಿಯ ತಾಯಿಯ ಹನ್ನೊಂದನೇ ದಿನದ ಕಾರ್ಯ ನಡೆದಿತ್ತು. ಡ್ಯೂಟಿಯಿಂದ ಬಿಡಲಿಲ್ಲ ಎಂದು ಹೇಳಿ ಮಹಾಲಿಂಗ ಬರಲಿಲ್ಲ. ನೆಂಟರೆದುರು ಅವಳಿಗೆ ತಲೆ ಎತ್ತಲಾಗಲಿಲ್ಲ. ಅಂದು ಸಂಜೆ ಫೋನಿನಲ್ಲಿ, "ನನ್ ಅವ್ವ ನಿಂಗೇನೂ ಅಲ್ವಲ್ಲ. ಇನ್ ಮುಖ ತೋರುಸ್ಬ್ಯಾಡ," ಎಂದು ಹೇಳಿ ಇಟ್ಟವಳು ಮತ್ತೆ ಅವನ ಫೋನು ಎತ್ತಲಿಲ್ಲ. ಇಪ್ಪತ್ತನೇ ತಾರೀಕು ಬೇರೆಯವರ ಫೋನು ಬಂತು, ಆನೆಯ ಸುದ್ದಿ ಹೊತ್ತು.

ಅವಳು ಅಂಗಡಿಯ ಮೆಟ್ಟಿಲಿಗೆ ಬಂದು ಪುಟ್ಟಮಾದುಗೆ ಫೋನು ಹಚ್ಚಿದಳು.

"ಪುಟ್ಟಮಾದು, ಅವರ ಕಾಲ್ಗೆ ಏನಾಗಿತ್ತಪ್ಪ?"



"ಕಡ್ದಿದ್ ಬಿದ್ರು ಕೂಳೆ ಚುಚ್ಕೊಂಡಿತ್ತು ಅತ್ಗೆ. ಪಾದದ ಒಳಕ್ಕೇ. ಬಸ್ಸಿನ್ ತಾವ್ಕೂ ನಡ್ಯಕ್ಕಾಯ್ತಿರ್ನಿಲ್ಲ. ನಿಂಗೇಳ್ಬ್ಯಾಡ ಅಂದ್ಬುಟ್ಟಿತ್ತು ಅಣ್ಣ. 'ಅವ್ವನ್ ಕಾರ್ಯ ಬುಟ್ಬುಟ್ಟು ಇಲ್ಲಿಗೆ ಓಡ್ಬತ್ತಾಳೆ ಕಣ್ಲಾ' ಅಂತು."

"ಇಪ್ಪತ್ನೇ ತಾರೀಕು... ಅದ್ಕೇ ಓಡಕ್ಕಾಗ್ನಿಲ್ವಾ?"

"ಇಲ್ಲ ಅತ್ಗೆ. ಅಷ್ಟೊತ್ಗೆ ವಾಸಿಯಾಗಿತ್ತು. ಬೂಟ್ ಆಕಿತ್ತು."

ಅವನು ಇದನ್ನು ತೀರ ಬೇಗ ಹೇಳಿದ. ನಿಜವೋ, ಅವಳಿಗಾಗಿ ಹೇಳಿದ್ದೋ ತಿಳಿಯಲಿಲ್ಲ. ಇನ್ನೊಮ್ಮೆ ಕೇಳುವ ಧೈರ್ಯವಾಗಲಿಲ್ಲ. "ಇರ್ಲಿ ಬುಡು," ಎಂದು ಫೋನಿಟ್ಟಳು. ಎದುರಿಗೆ ಅರಿಸಿನದ ಮೂಟೆ ಹೇರಿದ ಆಟೊವೊಂದು ದಾರಿಗಾಗಿ ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು. ಫೋನಿನಲ್ಲೇ ವಿಡಿಯೊ ತೆರೆದಳು. ಗೊತ್ತಾದ ಮೇಲೆ ಅದರಲ್ಲೂ ಕಾಣುತ್ತಿತ್ತು, ಕಾಲ ಬಳಿ ಅಕ್ಕಿಕಾಳಿನಷ್ಟು ಬಿಳಿ. ಎರಡು ವರ್ಷದಿಂದ ದಿನವೂ ನೋಡಿದ್ದಳು. ನೋಡಿದ್ದು ಮುಖವನ್ನು ಮಾತ್ರ.

ಒಳಗೆ ಬಂದಾಗ ವನಿತಾ ಎರಡು ಲೋಟ ಟೀ ತರಿಸಿದ್ದಳು. ಏನಾಯಿತೆಂದು ಕೇಳಲಿಲ್ಲ. ಇಬ್ಬರೂ ನಿಂತೇ ಕುಡಿದರು.

"ನಡುವಿಂದೇ ಕೊಡವ್ವ," ಎಂದಳು ಸುಧಾಮಣಿ.

ಶನಿವಾರ ಟಿ.ವಿ. ಬಂತು. ಗೋಡೆಗೆ ಬಿಗಿದು ಮುಗಿಸಿದವನು, "ಯಾವ್ ಚಾನೆಲ್ ಫಸ್ಟ್ ಇಡ್ಲಿ ಅಕ್ಕ?" ಎಂದು ಕೇಳಿದ. ಅವಳು ನರ್ಸರಿಯವರು ಹೇಳುವ ಸೀರಿಯಲ್ಲಿನ ಹೆಸರು ಹೇಳಿದಳು. ಅವನು ಹೊಂದಿಸಿ ಹೋದ.

ಭಾನುವಾರ ಮಧ್ಯಾಹ್ನ ಊಟದ ತಟ್ಟೆ ತೊಳೆದಿಟ್ಟು, ಬಾಗಿಲು ಮುಂದೆ ಮಾಡಿ, ಪೆನ್‌ಡ್ರೈವ್ ಸಿಕ್ಕಿಸಿದಳು. ಚಾಪೆಯ ಮೇಲೆ ಹತ್ತಿರವೇ ಕೂತಳು. ಅಂಗಳ ಬಂತು, ಸಾಹೇಬರು ಬಂದರು, ಸಾಲು ಬಂತು.

"ನೋಯ್ತಾ ಅದಾ?" ಎಂದಳು.

ಅವನು ಪಕ್ಕದವನ ಹೆಗಲು ಹಿಡಿದು ತಿರುಗಿದ. ಪಾದವನ್ನು ಓರೆಯಾಗಿ ಇಡುತ್ತ ಮೂರು ಹೆಜ್ಜೆ ನಡೆದು ಪರದೆಯ ಅಂಚು ದಾಟಿದ. ಪಕ್ಕದ ಮನೆಯಲ್ಲಿ ಯಾರೋ ಬಿಂದಿಗೆ ಇಳಿಸಿದ ಸದ್ದಾಯಿತು. ಸುಧಾಮಣಿ ರಿಮೋಟನ್ನು ಮಡಿಲಲ್ಲಿಟ್ಟುಕೊಂಡು, ಮತ್ತೆ ಒತ್ತದೆ, ಹಾಗೆಯೇ ಕೂತಿದ್ದಳು.