ರೇಡಿಯೋ ಅತ್ತೆಯ ಭಾನುವಾರ

ಬಾನುಲಿ ಕೇಂದ್ರದವರು ನಾಟಕ ವಿಭಾಗವನ್ನು ಮುಚ್ಚುವ ಮುನ್ನ, ಒಂದು ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಹಳೆಯ ನಾಟಕ, ಹಾಸ್ಯ, ಸಾಕ್ಷ್ಯರೂಪಕಗಳನ್ನೇ ಹಾಕುವುದಾಗಿ ಪ್ರಕಟಿಸಿದರು. ಮೂರು ಕಾರ್ಯಕ್ರಮಗಳಲ್ಲಿ ನಿಮ್ಮ ಅಮ್ಮನ ದನಿ ಇದೆ ಎಂದು ಅಲ್ಲಿನ ಅಧಿಕಾರಿ ಕಾಲರ್ ಅಕ್ಕನಿಗೆ ಫೋನ್ ಮಾಡಿ ತಿಳಿಸಿದರು. ಅವಳು ಆ ಭಾನುವಾರ ಓವರ್‌ಟೈಮಿಗೆ ಬರುವುದಿಲ್ಲವೆಂದು ಸೂಪರ್‌ವೈಸರ್‌ಗೆ ಹೇಳಿ, ರೇಡಿಯೋಗೆ ಹೊಸ ಸೆಲ್ ತಂದಳು.

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷದಿಂದ ಅಂಗಿಗಳಿಗೆ ಕಾಲರ್ ಕೂರಿಸುತ್ತಿದ್ದುದರಿಂದ ಅವಳಿಗೆ ಆ ಹೆಸರು. ಅಮ್ಮನಿಗೂ ಊರೆಲ್ಲ ಸೇರಿ ಇಟ್ಟ ಹೆಸರೊಂದಿತ್ತು, ರೇಡಿಯೋ ಅತ್ತೆ. ವಾರವಾರ ಬರುತ್ತಿದ್ದ ಹಾಸ್ಯ ಧಾರಾವಾಹಿಯಲ್ಲಿ ಅವಳದು ಬಾಯಿಬಡುಕಿ ಅತ್ತೆಯ ಪಾತ್ರ. ತರಕಾರಿ ಅಂಗಡಿಯಲ್ಲಿ ಬಾಯಿ ತೆರೆದರೆ ಸಾಕು, ಜನ ತಿರುಗಿ ನೋಡಿ, "ಅತ್ತೆ, ನಮ್ಗೂ ಒಂದೆರಡು ಬೈದುಬಿಡಿ" ಅನ್ನುತ್ತಿದ್ದರು. ಈಗ ಎರಡು ವರ್ಷದಿಂದ ಅಮ್ಮನಿಗೆ ಮರೆವು. ಮಗಳನ್ನು ನರ್ಸ್ ಅಂದುಕೊಂಡು ಬಹುವಚನದಲ್ಲಿ ಮಾತಾಡಿಸುತ್ತಾಳೆ. ನನ್ನನ್ನಲ್ಲದಿದ್ದರೆ ಹೋಗಲಿ, ತನ್ನ ದನಿಯನ್ನಾದರೂ ಗುರುತು ಹಿಡಿಯಲಿ ಎಂಬುದಷ್ಟೇ ಕಾಲರ್ ಅಕ್ಕನ ಆಸೆ.

ಹತ್ತು ಗಂಟೆಯ ನಾಟಕದಲ್ಲಿ ಅಮ್ಮ ವಿಷ ಕುಡಿದ ರಾಣಿ. ರಾಣಿ ಸಾಯಲು ಇಪ್ಪತ್ತು ನಿಮಿಷ ತೆಗೆದುಕೊಂಡಳು. ಅಷ್ಟರಲ್ಲಿ ಕುರ್ಚಿಯಲ್ಲಿ ಅಮ್ಮ ಗೊರಕೆ ಹೊಡೆಯುತ್ತಿದ್ದಳು.

ಒಂದು ಗಂಟೆಗೆ ಹಾಸ್ಯ. ಎದುರುಮನೆಯ ಬಸ್ ಕಂಡಕ್ಟರ್ ತನ್ನದೇ ಸ್ಟೂಲ್ ಹೊತ್ತುಕೊಂಡು ಬಂದು ಕುಳಿತ. ಅತ್ತೆಯ ಮಾತೆಲ್ಲ ಅವನಿಗೆ ಬಾಯಿಪಾಠ.

"ಈಗ ನೋಡಿ, ಈಗ ಅಳಿಯನ ಚಳಿ ಬಿಡಿಸ್ತಾರೆ!" ಎಂದು ತೊಡೆ ತಟ್ಟಿಕೊಂಡು ನಕ್ಕ.

ಅಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡು ಕೇಳಿದಳು. ಕಾಲರ್ ಅಕ್ಕ ರೇಡಿಯೋದ ದನಿ ಹೆಚ್ಚಿಸಿದಳು.

"ಯಾರ್ರೀ ಈ ಹೆಂಗಸು? ಸೂರು ಕಿತ್ತುಹೋಗೋ ಹಾಗೆ ಕಿರುಚ್ತಾಳಲ್ಲ. ಬಾಯಿ ಮುಚ್ಸಿ ಅವಳದ್ದು."

"ಅಮ್ಮ, ಅದು ನೀನೇ."

"ನಾನು ಹೀಗೆ ಕಿರುಚ್ತೀನಾ? ನಿಮಗೇನು ತಲೆ ಕೆಟ್ಟಿದೆಯಾ? ಈ ಮನುಷ್ಯ ಯಾಕೆ ನಗ್ತಾನೆ?"

ಕಂಡಕ್ಟರನ ನಗು ಅರ್ಧಕ್ಕೇ ನಿಂತಿತು. "ಬರ್ತೀನಕ್ಕ, ಇನ್ನೂ ಊಟ ಆಗಿಲ್ಲ" ಎಂದ. ಊಟ ಮುಗಿಸಿಯೇ ಬಂದಿದ್ದವನು ಸ್ಟೂಲ್ ಎತ್ತಿಕೊಂಡು ಹೊರಟುಹೋದ.

ನಾಲ್ಕಕ್ಕೆ ಬಾನುಲಿ ಕಲಾವಿದರ ಬದುಕಿನ ಸಾಕ್ಷ್ಯರೂಪಕ. ಇಪ್ಪತ್ತೆರಡು ವರ್ಷದ ಹಿಂದೆ ಅದು ಮೊದಲು ಪ್ರಸಾರವಾದಾಗ ಕಾಲರ್ ಅಕ್ಕ ಪಾಳಿಯಲ್ಲಿದ್ದಳು. "ನೀನು ಕೇಳದೆ ಇದ್ದದ್ದೇನೂ ನಷ್ಟ ಇಲ್ಲ ಬಿಡು" ಎಂದಿದ್ದಳು ಅಮ್ಮ.

ನಿಮ್ಮ ಮನೆಯಿಂದ ಬೇರೆ ಯಾರೂ ಈ ಕಡೆ ಬರಲಿಲ್ಲವೇ ಎಂದು ಸಂದರ್ಶಕ ಕೇಳಿದ.

"ಮಗಳು ಧ್ವನಿಪರೀಕ್ಷೆಗೆ ಬಂದಿದ್ಲು, ಹತ್ತೊಂಬತ್ತನೇ ವಯಸ್ಸಲ್ಲಿ," ಎಂದಿತು ರೇಡಿಯೋದಲ್ಲಿ ಅಮ್ಮನ ದನಿ. "ಆಯ್ಕೆ ಸಮಿತೀಲಿ ನಾನೂ ಇದ್ದೆ. ಅವಳ ಸರದಿ ಬಂದಾಗ ಎದ್ದು ಆಚೆ ಹೋದೆ. ಎಲ್ರೂ ನನ್ನನ್ನ ನ್ಯಾಯವಂತೆ ಅಂದ್ರು. ಆದ್ರೆ ಹಿಂದಿನ ದಿನವೇ ನಿರ್ದೇಶಕರ ಹತ್ರ ಹೋಗಿ, ಅವಳನ್ನ ತಗೋಬೇಡಿ ಅಂತ ಹೇಳಿಬಂದಿದ್ದೆ. ನನಗಿಂತ ಒಳ್ಳೆ ಗಂಟಲು ಅವಳದ್ದು. ಯಾಕೆ ಬೇಡ ಅಂದೆ ಅಂದ್ರೆ..."

ಅಲ್ಲಿಗೆ ಪಿಟೀಲು ಶುರುವಾಯಿತು. ಅದು ನಿಂತ ಮೇಲೆ ನಾಟಕಗಳಿಗೆ ಸದ್ದು ಮಾಡುವ ಕೆಲಸದವನೊಬ್ಬ ಮರದ ತುಂಡುಗಳಿಂದ ಕುದುರೆ ಓಡಿಸುವುದು ಹೇಗೆಂದು ವಿವರಿಸತೊಡಗಿದ.

ತನ್ನ ಸರದಿಗೆ ಅಮ್ಮ ಎದ್ದು ಆಚೆ ಹೋದದ್ದನ್ನು ಕಾಲರ್ ಅಕ್ಕ ಕಾರ್ಖಾನೆಯಲ್ಲಿ ಎಷ್ಟು ಜನರಿಗೆ ಹೆಮ್ಮೆಯಿಂದ ಹೇಳಿಕೊಂಡಿದ್ದಳೋ. ಆಯ್ಕೆಯಾಗಿಲ್ಲವೆಂಬ ಕಾಗದ ಬಂದಾಗ ತಲೆ ಸವರಿ, "ನಿನ್ನ ಹಣೇಲಿ ಬರೆದಿಲ್ಲ" ಎಂದಿದ್ದವಳೂ ಅಮ್ಮನೇ. ಮರುತಿಂಗಳೇ ಮಗಳು ಹೊಲಿಗೆ ಮಿಷಿನ್ನಿನ ಮುಂದೆ ಕುಳಿತಿದ್ದಳು. ಊರಿಗೆಲ್ಲ ಹೇಳಿದ ಮಾತನ್ನು ಅಮ್ಮ ಮನೆಯಲ್ಲಿ ಹೇಳಿರಲಿಲ್ಲ.

"ಅಮ್ಮ, ಯಾಕೆ ಬೇಡ ಅಂದೆ?"

"ಏನು ಬೇಡ ಅಂದೆ?"

"ನನ್ನನ್ನ."

ಅಮ್ಮ ಅವಳ ಮುಖವನ್ನು ಕನಿಕರದಿಂದ ನೋಡಿದಳು. "ನಿಮ್ಮನ್ನ ಬೇಡ ಅಂದಿಲ್ಲವಲ್ಲಮ್ಮ. ನಾಳೇನೂ ಬನ್ನಿ."

ಕಾಲರ್ ಅಕ್ಕ ಕೇಂದ್ರಕ್ಕೆ ಫೋನ್ ಮಾಡಿದಳು. ಆ ಸಂದರ್ಶನ ಪೂರ್ತಿ ಸಿಗುತ್ತದೆಯೇ ಎಂದು ಕೇಳಿದಳು.

"ಎಲ್ಲಿಂದ ತರೋದಮ್ಮ?" ಎಂದರು ಅಧಿಕಾರಿ. "ಆಗ ಟೇಪ್ ಸಿಗೋದೇ ಕಷ್ಟ ಇತ್ತು. ಬೇಕಾದಷ್ಟು ತಗೊಂಡು, ಅದೇ ಟೇಪಿನ ಮೇಲೆ ಬೇರೆ ರೆಕಾರ್ಡ್ ಮಾಡಿಬಿಡ್ತಿದ್ರು."

"ನಿರ್ದೇಶಕರು?"

"ತೀರಿಕೊಂಡು ಒಂಬತ್ತು ವರ್ಷ ಆಯ್ತು. ಅಮ್ಮನಿಗೆ ಖುಷಿ ಆಯ್ತಾ?"

"ಆಯ್ತು" ಎಂದು ಫೋನ್ ಇಟ್ಟಳು.

ಧ್ವನಿಪರೀಕ್ಷೆಗೆ ಕೊಟ್ಟಿದ್ದ ಸಾಲುಗಳನ್ನು ಅವಳು ಮರೆತಿರಲಿಲ್ಲ. ಯುದ್ಧಕ್ಕೆ ಹೊರಟ ಅಣ್ಣನನ್ನು ತಂಗಿ ತಡೆಯುವ ಮಾತುಗಳು. ರೇಡಿಯೋದ ದನಿ ತಗ್ಗಿಸಿ, ಅಮ್ಮನ ಎದುರು ನಿಂತಳು.

"ಹೋಗಬೇಡಣ್ಣ. ನೀನು ಹೋದ ಮೇಲೆ ಈ ಬಾಗಿಲನ್ನ ನಾನು ಯಾರಿಗೆ ಅಂತ ತೆಗೆದಿಡಲಿ?"

ಬಟ್ಟೆಯ ದೂಳು ತುಂಬಿದ ಎದೆಯಿಂದ ಕೆಮ್ಮು ಒತ್ತರಿಸಿ ಬಂತು. ಸುಧಾರಿಸಿಕೊಂಡು ಮತ್ತೆ ಹೇಳಿದಳು. ಅಮ್ಮ ಮುಂದಕ್ಕೆ ಬಾಗಿ, ಕಣ್ಣು ಮುಚ್ಚಿ, ಒಂದಕ್ಷರ ಬಿಡದೆ ಕೇಳಿದಳು. ಮುಗಿದ ಮೇಲೆ ಅಡ್ಡಡ್ಡ ತಲೆಯಾಡಿಸಿದಳು.

"ಗಂಟಲು ಒಡೆದಿದೆ. ಉಸಿರೂ ಸಾಲದು. ಹೊರಗೆ ಕೂತಿರಿ, ಮುಂದಿನವರನ್ನ ಕಳಿಸಿ."

ಕಾಲರ್ ಅಕ್ಕ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತಳು. ಅಳು ಬರಬಹುದೆಂದು ಕಾದಳು. ಬರಲಿಲ್ಲ. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಮ್ಮ, "ಸಿಸ್ಟರ್!" ಎಂದು ಕೂಗಿದಳು. ಹೋಗಿ ನೋಡಿದರೆ ಬಟ್ಟೆ ಒದ್ದೆ ಮಾಡಿಕೊಂಡು, ನಾಚಿಕೆಯಿಂದ ಗೋಡೆ ಕಡೆ ಮುಖ ತಿರುಗಿಸಿದ್ದಳು.

"ಇರ್ಲಿ ಬಿಡಿ" ಎಂದಳು ಕಾಲರ್ ಅಕ್ಕ. ಅಮ್ಮನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಬಿಸಿನೀರು ತಂದು ಕಾಲು ತೊಳೆದಳು.