ಎಂಬತ್ತೇಳನೆಯ ಪುಟ

ನಾನೊಂದು ಪತ್ತೇದಾರಿ ಕಾದಂಬರಿ. ‘ಮೈಲಿ ನೂರಾ ಹದಿನಾಲ್ಕು’ ಎಂದು ನನ್ನ ಹೆಸರು. ಒಂದು ಕಾಲಕ್ಕೆ ನನ್ನನ್ನು ಓದಿದವರ ಮೈ ಜುಮ್ಮೆನ್ನುತ್ತಿತ್ತಂತೆ. ಈಗ ನನ್ನನ್ನು ಕಂಡು ಬೆಚ್ಚುವವರು ಯಾರೂ ಇಲ್ಲ. ಹುಳುಗಳು ಕೂಡ ನನ್ನ ಬೆನ್ನಿನ ಅಂಟನ್ನು ತಿಂದು ಮುಗಿಸಿ, ಪಕ್ಕದ ಪುಸ್ತಕಕ್ಕೆ ಬಿಡಾರ ಬದಲಿಸಿವೆ.

ನಾನು ಹುಟ್ಟಿದ್ದು ಬೆಂಗಳೂರಿನ ಒಂದು ಇಕ್ಕಟ್ಟಾದ ಪ್ರೆಸ್ಸಿನಲ್ಲಿ, ಸಾವಿರ ಜನ ಅಣ್ಣತಮ್ಮಂದಿರ ಜೊತೆ. ನನ್ನ ಬಗ್ಗೆ ಮೊದಲ ಅಭಿಪ್ರಾಯ ಹೇಳಿದವನು ಅಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಮನುಷ್ಯ. ಎಂಬತ್ತೊಂಬತ್ತನೆಯ ಪುಟ ಮುಗಿಸಿ ಆಕಳಿಸಿ, “ಇನ್ನೊಂದು ಗಾಡಿ ಬಿತ್ತಪ್ಪ, ಟೀ ತರಿಸ್ರೋ” ಎಂದ. ಅವತ್ತಿನಿಂದ ಇವತ್ತಿನವರೆಗೆ ಅಭಿಪ್ರಾಯ ಕೇಳಿ ಕೇಳಿ ನನಗೆ ಸಾಕಾಗಿದೆ.

ನನ್ನ ಹೊಟ್ಟೆಯೊಳಗಿನ ಕಥೆ ದೊಡ್ಡದೇನಲ್ಲ. ಒಂದು ಮೇಲ್ ಗಾಡಿಯನ್ನು ಬೀಳಿಸಲು ಯಾರೋ ಸಂಚು ಮಾಡುತ್ತಾರೆ. ಎಂಬತ್ತೇಳನೆಯ ಪುಟದಲ್ಲಿ ಸಂಗಪ್ಪನೆಂಬ ಕೀಮ್ಯಾನ್, ಎಂದರೆ ದಿನಾ ಹಳಿಯ ಮೇಲೆ ನಡೆದು ಅದರ ಕೀಲು ಬೋಲ್ಟುಗಳನ್ನು ನೋಡಿಕೊಳ್ಳುವ ಆಳು, ನೂರಾ ಹದಿನಾಲ್ಕನೆಯ ಮೈಲಿಯಲ್ಲಿ ಹಳಿಯ ಜೋಡಣೆ ಬಿಚ್ಚಿ ತಿರುಗಿ ನೋಡದೆ ಹೋಗುತ್ತಾನೆ. ಎಂಬತ್ತೊಂಬತ್ತರಲ್ಲಿ ಗಾಡಿ ಬೀಳುತ್ತದೆ. ಅವನಿಂದ ಇದನ್ನು ಮಾಡಿಸಿದವರು ಯಾರು ಎನ್ನುವುದು ಸಸ್ಪೆನ್ಸು. ಅದೂ ಬಹಳ ದಿನ ಉಳಿಯಲಿಲ್ಲ. ಯಾರೋ ಪುಣ್ಯಾತ್ಮ ನನ್ನ ಮೊದಲನೆಯ ಪುಟದಲ್ಲೇ ನೀಲಿ ಶಾಯಿಯಲ್ಲಿ ‘ಮಾಡಿಸಿದ್ದು ಡಾಕ್ಟರ್’ ಎಂದು ಬರೆದಿಟ್ಟ.

ನಾನು ಹೋಗಿ ಸೇರಿದ್ದು ಹೊಂಗೇಹಳ್ಳಿ ಜಂಕ್ಷನ್ನಿನ ರೈಲ್ವೆ ಕಾಲೊನಿಯ ಕ್ಲಬ್ಬಿಗೆ. ಅಲ್ಲಿ ಒಂದು ಕೇರಂ ಬೋರ್ಡು, ನಾಲ್ಕು ಬೆತ್ತದ ಕುರ್ಚಿ, ಒಂದು ಬೀರು. ಆ ಬೀರುವೇ ಲೈಬ್ರರಿ. ಅದನ್ನು ನೋಡಿಕೊಳ್ಳುತ್ತಿದ್ದವರು ವೆಂಕೋಬರಾಯರು, ನಿವೃತ್ತರಾದ ಗಾರ್ಡು. ಪುಸ್ತಕ ಕೊಡುವಾಗಲೂ ಅವರು ಗಡಿಯಾರ ನೋಡಿ, ದಿನಾಂಕದ ಪಕ್ಕದಲ್ಲಿ ಹೊತ್ತನ್ನೂ ಬರೆಯುತ್ತಿದ್ದರು. “ಹತ್ತು ನಲವತ್ತೆರಡಕ್ಕೆ ಬಿಟ್ಟಿದೀನಿ, ಹದಿನೈದು ದಿನಕ್ಕೆ ಸರಿಯಾಗಿ ವಾಪಸ್ ಬರಬೇಕು. ಲೇಟಾದರೆ ಕಾರಣ ಬರೆದುಕೊಡಿ” ಎನ್ನುತ್ತಿದ್ದರು.

ನನ್ನ ಕೊನೆಗೆ ಅವರು ಎರಡು ಬಿಳಿ ಹಾಳೆ ಅಂಟಿಸಿ, ‘ಓದುಗರ ಅಭಿಪ್ರಾಯ ಇಲ್ಲಿ. ಪುಟಗಳ ಮೇಲೆ ಗೀಚಬಾರದು’ ಎಂದು ದುಂಡಗೆ ಬರೆದಿದ್ದರು. ಆ ಹಾಳೆಗಳು ವರ್ಷದೊಳಗೆ ತುಂಬಿದವು. ಬುಕಿಂಗ್ ಕ್ಲರ್ಕರ ಹೆಂಡತಿ ಕನಕವಲ್ಲಿಯವರು ಬರೆದರು: ‘ಎರಡು ದಿನ ಸಾರು ಸೀದಿದೆ. ಚೆನ್ನಾಗಿದೆ.’ ರೈಲ್ವೆ ಶಾಲೆಯ ಮೇಷ್ಟ್ರು ಬರೆದರು: ‘ಶುದ್ಧ ಕಾಲಹರಣ.’ ಅದರ ಕೆಳಗೆ ಇನ್ನೊಬ್ಬರು: ‘ಕಾಲ ಹರಣ ಮಾಡಕ್ಕೇ ತಾನೇ ಮೇಷ್ಟ್ರೇ ಇಲ್ಲಿಗೆ ಬರೋದು.’ ಡ್ರೈವರ್ ಆರೋಗ್ಯಸ್ವಾಮಿ ಬರೆಯಲಿಲ್ಲ, ಬಾಯಲ್ಲೇ ಹೇಳಿದರು. “ಇದ್ರಲ್ಲಿ ಡ್ರೈವರ್ ಕಾಲ್ ಮೇಲ್ ಕಾಲ್ ಹಾಕ್ಕೊಂಡು ಸಿಗರೇಟ್ ಸೇದ್ತಾ ಇದಾನೆ ರಾಯರೇ. ಇಂಜಿನ್ನಲ್ಲಿ ಅಷ್ಟು ಪುರುಸೊತ್ತು ಇದ್ರೆ ನಾನು ಮನೆಗೇ ಹೋಗ್ತಿರಲಿಲ್ಲ.” ಒಬ್ಬರಿಗೆ ಮೊದಲರ್ಧ ಚೆನ್ನ, ಇನ್ನೊಬ್ಬರಿಗೆ ಕೊನೆ ಚೆನ್ನ. ಒಂದೇ ವಾರದಲ್ಲಿ ಒಬ್ಬರು ನನ್ನನ್ನು ಎದೆಗೊತ್ತಿಕೊಂಡು ತಂದರು, ಇನ್ನೊಬ್ಬರು ಮೇಜಿನ ಮೇಲೆ ಎಸೆದರು. ನಾನು ಎರಡು ಸಲವೂ ಅದೇ ಪುಸ್ತಕವಾಗಿದ್ದೆ.

ಹೀಗಿರುವಾಗ ನಾನು ಜವರಯ್ಯನ ಕೈಗೆ ಹೋದೆ.

ಜವರಯ್ಯ ನಿಜವಾದ ಕೀಮ್ಯಾನ್. ಓದಿದ್ದು ನಾಲ್ಕನೆಯ ತರಗತಿ. ಬೆಳಗ್ಗೆ ಭುಜದ ಮೇಲೆ ಉದ್ದನೆಯ ಸ್ಪ್ಯಾನರು, ಕೈಯಲ್ಲಿ ಸುತ್ತಿಗೆ, ಕಂಕುಳಲ್ಲಿ ಕೆಂಪು ಹಸಿರು ಬಾವುಟ ಹಿಡಿದು ಹೋದರೆ ಹೋಗುತ್ತ ಮೂರು ಮೈಲಿ, ಬರುತ್ತ ಮೂರು ಮೈಲಿ. ಕೆಲಸ ಮುಗಿಸಿ ಬಂದು, ಕ್ವಾರ್ಟರ್ಸಿನ ಜಗಲಿಯ ಮೇಲೆ ಕೂತು, ತುಟಿ ಅಲ್ಲಾಡಿಸುತ್ತ ನನ್ನನ್ನು ಓದುತ್ತಿದ್ದ. ಹಾಗೆ ಒಂದೊಂದೇ ಅಕ್ಷರಕ್ಕೂ ಕಿವಿಗೊಟ್ಟು ನನ್ನನ್ನು ಓದಿದವರು ಇನ್ನೊಬ್ಬರಿಲ್ಲ. ಅವನ ಹೆಂಡತಿ ಸಾಕಮ್ಮ ಹೊಸಲಿನಲ್ಲಿ ಕೂತು ಕೇಳುತ್ತಿದ್ದಳು.

ಎಂಬತ್ತೇಳನೆಯ ಪುಟಕ್ಕೆ ಬಂದವನೇ ಅವನು ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದ.

“ಇಕ್ಕಳದಲ್ಲಿ ಬೋಲ್ಟು ಬಿಚ್ಚಿದನಂತೆ ಕಣೇ. ಎರಡು ನಿಮಿಷಕ್ಕಂತೆ.”

“ಕತೆ ಅಲ್ವಾ, ಬಿಡಿ ಅತ್ಲಾಗೆ” ಎಂದಳು ಸಾಕಮ್ಮ.

“ಕತೆ ಆದ್ರೇನು, ಬೋಲ್ಟು ಬೋಲ್ಟೇ ಅಲ್ವಾ.”

ಅವನು ನನ್ನ ಅಂಚಿನಲ್ಲಿ ದಪ್ಪಕ್ಷರದಲ್ಲಿ ಬರೆದ: ‘ತಪ್ಪು. ಇಕ್ಕಳದಿಂದ ಆಗುವುದಿಲ್ಲ. ಉದ್ದ ಸ್ಪ್ಯಾನರೇ ಬೇಕು. ಎರಡು ನಿಮಿಷ ಸಾಲದು. ಈಗ ಮೈಲಿ ಇಲ್ಲ, ಕಿಲೋಮೀಟರು. ಸಹಿ, ಜವರಯ್ಯ, ಕೀಮ್ಯಾನ್.’

ನನ್ನನ್ನು ವಾಪಸು ಕೊಟ್ಟಾಗ ವೆಂಕೋಬರಾಯರು ಕನ್ನಡಕ ಏರಿಸಿ ನೋಡಿದರು. “ಅಭಿಪ್ರಾಯಕ್ಕೆ ಅಂತ ಹಿಂದೆ ಹಾಳೆ ಕೊಟ್ಟಿದೀನಲ್ಲಯ್ಯ.”

“ತಪ್ಪು ಎಲ್ಲೈತೋ ಅಲ್ಲೇ ಗುರುತು ಹಾಕ್ಬೇಕು ಸ್ವಾಮಿ. ಹಳಿ ಮ್ಯಾಲೂ ನಾವು ಅಂಗೇಯ ಸೀಮೆಸುಣ್ಣ ಹಾಕೋದು. ಕೊನೇಲಿ ಬರದ್ರೆ ರಿಪೇರಿಗೆ ಬಂದೋನು ಎಲ್ಲಿ ಅಂತ ಹುಡುಕ್ತಾನೆ?”

ರಾಯರಿಗೆ ನಗು ಬಂತು. ದಂಡ ಹಾಕದೆ ಬಿಟ್ಟರು. ಆಮೇಲೆ ಓದಿದವರಿಗೆಲ್ಲ ನನಗಿಂತ ಆ ಪೆನ್ಸಿಲ್ ಬರಹವೇ ರುಚಿಸಿತು. ಹಿಂದಿನ ಹಾಳೆಯಲ್ಲಿ ಯಾರೋ ಬರೆದರು: ‘ಈ ಪುಸ್ತಕದಲ್ಲಿ ನಂಬಬಹುದಾದ ಮಾತು ೮೭ನೇ ಪುಟದ ಅಂಚಿನಲ್ಲಿದೆ.’

ಆರು ತಿಂಗಳಾಗಿರಬೇಕು. ಒಂದು ಬೆಳಗ್ಗೆ ಕಾಲೊನಿಯೆಲ್ಲ ಕ್ಲಬ್ಬಿನ ಮುಂದೆ ಸೇರಿತು. ಜವರಯ್ಯನ ಹಳಿಯಲ್ಲಿ ಒಂದು ಜೋಡಣೆಯ ಬೋಲ್ಟುಗಳೇ ಇರಲಿಲ್ಲವಂತೆ. ಅವನು ಅದನ್ನು ಕಂಡು, ಎದುರಿನಿಂದ ಬರುತ್ತಿದ್ದ ಪ್ಯಾಸೆಂಜರಿಗೆ ಕೆಂಪು ಬಾವುಟ ಹಿಡಿದು ಓಡಿ, ಗಾಡಿಯನ್ನು ನೂರು ಗಜ ಈಚೆಗೆ ನಿಲ್ಲಿಸಿದ್ದನಂತೆ. ಗಾಡಿ ಓಡಿಸುತ್ತಿದ್ದವರು ಆರೋಗ್ಯಸ್ವಾಮಿ. “ಗಾಡಿ ನಿಂತ್ಮೇಲೂ ಈ ಮನುಷ್ಯ ಬಾವುಟ ಇಳಿಸ್ಲಿಲ್ಲ ರಾಯರೇ. ಕೈ ನಾನೇ ಹಿಡಿದು ಇಳಿಸ್ದೆ. ನನ್ನ ಕ್ಯಾನಿನ ನೀರೆಲ್ಲ ಕುಡಿದುಬಿಟ್ಟ” ಎಂದರು. ಅವತ್ತು ಜವರಯ್ಯನಿಗೆ ಕ್ಲಬ್ಬಿನಲ್ಲಿ ಮೈಸೂರ್‌ಪಾಕು ಕೊಟ್ಟರು.

ಮೂರನೆಯ ದಿನ ವಿಚಾರಣೆಗೆ ರೈಲ್ವೆ ಪೊಲೀಸ್ ಇನ್ಸ್‌ಪೆಕ್ಟರು ಬಂದರು. ಬೋಲ್ಟುಗಳನ್ನು ಮುರಿದಿರಲಿಲ್ಲ, ಸ್ಪ್ಯಾನರಿನಿಂದ ಅಚ್ಚುಕಟ್ಟಾಗಿ ಬಿಚ್ಚಿದ್ದರು. ಪಾರ್ಸೆಲ್ ಆಫೀಸಿನ ಗುರುಮಲ್ಲಪ್ಪನಿಗೆ ತಮಾಷೆಯ ಬಾಯಿ. ಟೀ ಅಂಗಡಿಯಲ್ಲಿ, “ಬಿಚ್ಚೋದು ಹೇಗೆ ಅಂತ ನಮ್ಮ ಜವರಯ್ಯನ್ನ ಕೇಳಿ ಸಾರ್, ಕ್ಲಬ್ ಪುಸ್ತಕದಲ್ಲಿ ಸಹಿ ಹಾಕಿ ಬರ್ದಿಟ್ಟವ್ನೆ” ಎಂದುಬಿಟ್ಟ. ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ. ಆದರೆ ಇನ್ಸ್‌ಪೆಕ್ಟರು ನಗಲಿಲ್ಲ. ಸಂಜೆ ಬಂದು ಆ ಪುಸ್ತಕ ನೋಡುತ್ತೇನೆ ಎಂದರು.

ಆ ಮಧ್ಯಾಹ್ನ ವೆಂಕೋಬರಾಯರು ನನ್ನನ್ನು ಮೇಜಿನ ಮೇಲೆ ಬಿಡಿಸಿಟ್ಟು, ಪಕ್ಕದಲ್ಲಿ ರಬ್ಬರು ಇಟ್ಟುಕೊಂಡು ಕೂತರು. ಜವರಯ್ಯನನ್ನು ಕರೆಸಿದರು.

“ಪೆನ್ಸಿಲ್ ತಾನೇ, ಉಜ್ಜಿದರೆ ಹೋಗತ್ತೆ. ಇದನ್ನ ಹಿಡ್ಕೊಂಡು ಬೋಲ್ಟು ಬಿಚ್ಚಿದ್ದು ನೀನೇ ಅಂದುಬಿಟ್ಟರೆ ನೌಕರಿ ಹೋಗತ್ತೆ, ಕ್ವಾರ್ಟರ್ಸ್ ಹೋಗತ್ತೆ. ಜೈಲು ಬೇರೆ. ಏನಂತೀಯ?”

ಜವರಯ್ಯ ಬಗ್ಗಿ, ತಾನು ಬರೆದದ್ದನ್ನು ತುಟಿ ಅಲ್ಲಾಡಿಸುತ್ತ ಓದಿಕೊಂಡ.

“ಅದು ಸರಿಯಾಗಿ ಐತಲ್ಲ ಸ್ವಾಮಿ. ಸರಿಯಾಗಿರೋದನ್ನ ಯಾಕೆ ಅಳಿಸ್ತೀರಿ?”

ರಾಯರು ರಬ್ಬರನ್ನು ಎತ್ತಿ ಡ್ರಾಯರಿನಲ್ಲಿಟ್ಟರು. ನನಗೂ ಬಾಯಿದ್ದಿದ್ದರೆ ಉಜ್ಜಿಬಿಡಿ ಎನ್ನುತ್ತಿದ್ದೆನೇನೋ. ಆದರೆ ನಾನು ಪುಸ್ತಕ. ಬರೆದದ್ದನ್ನು ಹೊತ್ತುಕೊಂಡಿರುವುದಷ್ಟೇ ನನ್ನ ಕೆಲಸ.

ಸಂಜೆ ಇನ್ಸ್‌ಪೆಕ್ಟರು ಬೆತ್ತದ ಕುರ್ಚಿಯಲ್ಲಿ ಕೂತು ನನ್ನನ್ನು ತಿರುವಿದರು.

“ಇದನ್ನ ನಾನೂ ಓದಿದೀನಿ. ಕಥೆಯಲ್ಲೂ ಬಿಚ್ಚೋದು ಕೀಮ್ಯಾನೇ ಅಲ್ಲವೇನಯ್ಯ?”

“ಹೂಂ ಸ್ವಾಮಿ. ಅದೂ ತಪ್ಪೇಯ.”

“ಅದನ್ನ ತಪ್ಪು ಅಂತ ಬರೆದಿಲ್ಲವಲ್ಲ. ಇಕ್ಕಳ ತಪ್ಪು, ನಿಮಿಷ ತಪ್ಪು ಅಂತ ಮಾತ್ರ ಬರೆದಿದೀಯ.”

ಅಂಚಿನಲ್ಲಿ ಅಷ್ಟು ಜಾಗವಿರಲಿಲ್ಲ ಎಂದು ನಾನು ಬಲ್ಲೆ. ಇನ್ಸ್‌ಪೆಕ್ಟರು ಜೇಬಿನಿಂದ ಬ್ಲೇಡು ತೆಗೆದರು. ಇಡೀ ಪುಸ್ತಕ ಫೈಲಿನಲ್ಲಿ ಹಿಡಿಯುವುದಿಲ್ಲ ಎಂದು ಹೇಳಿ, ಎಂಬತ್ತೇಳು, ಎಂಬತ್ತೆಂಟು ಇದ್ದ ಹಾಳೆಯನ್ನು ಬುಡದಿಂದ ಕೊಯ್ದುಕೊಂಡರು. ರಾಯರಿಂದ ಅದಕ್ಕೊಂದು ಸಹಿಯನ್ನೂ ಹಾಕಿಸಿಕೊಂಡರು.

ಜವರಯ್ಯನನ್ನು ಕೆಲಸದಿಂದ ನಿಲ್ಲಿಸಿದರು. ಐದು ತಿಂಗಳು. ಅವನ ಹಳಿಯ ಮೇಲೆ ಬೇರೊಬ್ಬ ನಡೆದ. ಜವರಯ್ಯ ಮಾತ್ರ ಅದೇ ಹೊತ್ತಿಗೆ ಎದ್ದು ಬಂದು ಲೆವೆಲ್ ಕ್ರಾಸಿಂಗಿನ ಬಳಿ ನಿಂತು, ಗಾಡಿ ದಾಟುವ ಸದ್ದು ಕೇಳಿಕೊಂಡು ಹೋಗುತ್ತಿದ್ದನಂತೆ. ಇದನ್ನು ರಾಯರಿಗೆ ಹೇಳಿದ್ದು ಆರೋಗ್ಯಸ್ವಾಮಿ. “ನಾನು ಬರ್ದುಕೊಟ್ಟಿದೀನಿ ರಾಯರೇ, ಇವನು ನಿಲ್ಲಿಸ್ದೆ ಇದ್ರೆ ನಾನಿವತ್ತು ಇರ್ತಿರ್ಲಿಲ್ಲ ಅಂತ. ವಿಚಾರಣೆಯವರು ಏನಂದ್ರು ಗೊತ್ತಾ? ಬಿಚ್ಚಿದವನಿಗೆ ಜಾಗ ಗೊತ್ತಿರತ್ತೆ, ಅದಕ್ಕೇ ನಿಲ್ಲಿಸ್ದ ಅಂತ.”

ಕೊನೆಗೆ ಎಲ್ಲಿಯೋ ಬೇರೆ ಊರಿನಲ್ಲಿ, ಹಳಿಯ ಕಬ್ಬಿಣ ಕದ್ದು ಗುಜರಿಗೆ ಹಾಕುತ್ತಿದ್ದ ಇಬ್ಬರು ಸಿಕ್ಕಿಬಿದ್ದು, ಹೊಂಗೇಹಳ್ಳಿಯದೂ ತಮ್ಮದೇ ಕೆಲಸವೆಂದು ಒಪ್ಪಿಕೊಂಡರು. ಜವರಯ್ಯನಿಗೆ ಎರಡು ಸಾಲಿನ ಕಾಗದ ಬಂತು. ಮರುದಿನದಿಂದ ಕೆಲಸಕ್ಕೆ ಹಾಜರಾಗಬೇಕು ಎಂದು. ತಪ್ಪಾಯಿತು ಎಂದು ಅದರಲ್ಲಿ ಯಾರೂ ಬರೆದಿರಲಿಲ್ಲ. ಗುರುಮಲ್ಲಪ್ಪ ಅವನ ಮನೆಯ ಮುಂದಿನ ದಾರಿಯನ್ನೇ ಬಿಟ್ಟ. ಜವರಯ್ಯ ಕ್ಲಬ್ಬಿನ ದಾರಿಯನ್ನು ಬಿಟ್ಟ. ನನ್ನ ಹಾಳೆ ಯಾವುದೋ ಫೈಲಿನಲ್ಲೇ ಉಳಿಯಿತು.

ಆಮೇಲೆ ಹತ್ತು ವರ್ಷ ನಾನು ಹರಕು ಪುಸ್ತಕವಾಗಿ ಬದುಕಿದೆ. ಅಭಿಪ್ರಾಯಗಳು ನಿಲ್ಲಲಿಲ್ಲ. ‘ಮುಖ್ಯವಾದ ಪುಟವೇ ಇಲ್ಲ, ಲೈಬ್ರರಿಗೆ ಧಿಕ್ಕಾರ.’ ‘ಪುಟ ಇಲ್ಲದ್ದರಿಂದಲೇ ಸಸ್ಪೆನ್ಸ್ ಜಾಸ್ತಿ.’ ‘ಯಾರು ಬಿಚ್ಚಿದರು ದಯವಿಟ್ಟು ತಿಳಿಸಿ.’ ಈ ಕೊನೆಯದನ್ನು ಓದಿದಾಗಲೆಲ್ಲ ರಾಯರು ನನ್ನನ್ನು ಮುಚ್ಚಿಟ್ಟುಬಿಡುತ್ತಿದ್ದರು.

ಜವರಯ್ಯ ನಿವೃತ್ತನಾಗುವ ವಾರ ರಾಯರೇ ಕೋಲೂರಿಕೊಂಡು ಅವನ ಕ್ವಾರ್ಟರ್ಸಿಗೆ ಬಂದರು. ನಾನು ಅವರ ಚೀಲದಲ್ಲಿದ್ದೆ.

“ಹಾಳೆ ಇಲ್ಲ ಅಂತ ಜನ ನನ್ನ ಬೈತಾರಯ್ಯ. ಆ ಪುಟ ಓದಿರೋನು ನೀನು. ನೆನಪಿರೋಷ್ಟು ಬರೆದುಕೊಡು, ಅಂಟಿಸ್ತೀನಿ.”

“ನಾನು ಪೆನ್ಸಿಲ್ ಮುಟ್ಟಲ್ಲ ಸ್ವಾಮಿ.”

“ಪೆನ್ನಲ್ಲಿ ಬರಿ.”

ಒಳಗಿನಿಂದ ಸಾಕಮ್ಮ ಕಿಸಕ್ಕನೆ ನಕ್ಕಳು. ಆ ಮನೆಯಲ್ಲಿ ನನ್ನ ವಿಚಾರಕ್ಕೆ ನಗು ಬಂದದ್ದು ಅದೇ ಮೊದಲಿರಬೇಕು. ಜವರಯ್ಯ ನಾಲ್ಕು ದಿನ ತೆಗೆದುಕೊಂಡ. ಗೆರೆ ಹಾಕಿದ ಹಾಳೆಯ ಎರಡೂ ಕಡೆ, ತುಟಿ ಅಲ್ಲಾಡಿಸುತ್ತ ಹೀಗೆ ಬರೆದ:

‘ಸಂಗಪ್ಪ ಬೆಳಗ್ಗೆ ಹಳಿ ನೋಡುತ್ತ ಬಂದನು. ಒಂದು ಜಾಯಿಂಟಿನಲ್ಲಿ ಬೋಲ್ಟು ಇರಲಿಲ್ಲ. ಗಾಡಿಯ ಸದ್ದು ಕೇಳಿತು. ಅವನು ಬಾವುಟ ಬಿಚ್ಚಿ ಗಾಡಿಯ ಎದುರಿಗೇ ಓಡಿದನು. ಒಂದು ಚಪ್ಪಲಿ ಬಿದ್ದುಹೋಯಿತು, ನಿಲ್ಲಲಿಲ್ಲ. ಕಿಟಕಿಯಲ್ಲಿ ಜನ ಕಾಣುತ್ತಿದ್ದರು. ಒಬ್ಬಳು ಮಗುವಿಗೆ ಇಡ್ಲಿ ತಿನ್ನಿಸುತ್ತಿದ್ದಳು. ಗಾಡಿ ನಿಂತಿತು. ಡ್ರೈವರು ಇಳಿದು ಬಂದು ನೀರು ಕೊಟ್ಟರು. ಸಂಗಪ್ಪ ಕುಡಿದನು.’

ರಾಯರು ಓದಿ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು.

“ಅಲ್ಲಯ್ಯ, ತಿರುಗಿಸಿದರೆ ಎಂಬತ್ತೊಂಬತ್ತರಲ್ಲಿ ಗಾಡಿ ಬೀಳತ್ತಲ್ಲ.”

“ಅದು ಅವರ ಪುಟ ಸ್ವಾಮಿ. ಇದು ನಂದು.”

ಮೈದಾ ಅಂಟಿನಿಂದ ರಾಯರು ಅದನ್ನು ನನ್ನೊಳಗೆ ಅಂಟಿಸಿದರು. ಬಳಿಕ ನನ್ನನ್ನು ಓದಿದವರು ಬೈದದ್ದಕ್ಕೆ ಲೆಕ್ಕವಿಲ್ಲ. ‘೮೮ರಲ್ಲಿ ಗಾಡಿ ನಿಂತಿತು, ೮೯ರಲ್ಲಿ ಬಿತ್ತು. ಲೇಖಕರು ಆಸ್ಪತ್ರೆಗೆ ತೋರಿಸಿಕೊಳ್ಳುವುದು ಒಳ್ಳೆಯದು.’ ಪಾಪ, ನನ್ನನ್ನು ಬರೆದ ಪುಣ್ಯಾತ್ಮರಿಗೆ ಇದು ಯಾವುದೂ ಗೊತ್ತಿಲ್ಲ. ಗುರುಮಲ್ಲಪ್ಪ ಒಮ್ಮೆ ನನ್ನನ್ನು ತೆಗೆದುಕೊಂಡು ಹೋಗಿ, ಹದಿನೈದು ದಿನ ಇಟ್ಟುಕೊಂಡು, ಅಭಿಪ್ರಾಯ ಬರೆಯದೆ ವಾಪಸು ತಂದ. ಎಂಬತ್ತೇಳನೆಯ ಪುಟದ ಮೂಲೆ ಮಾತ್ರ ಬೆರಳಿನ ಜಿಡ್ಡಿಗೆ ಮೆತ್ತಗಾಗಿತ್ತು.

ಈಗ ರಾಯರಿಲ್ಲ, ಜವರಯ್ಯನೂ ಇಲ್ಲ. ಕ್ಲಬ್ಬಿಗೆ ಬೀಗ ಬಿದ್ದಿದೆ. ಬೀರುವನ್ನು ಹಳಿ ರಿಪೇರಿಯವರ ಸಾಮಾನಿನ ಕೋಣೆಗೆ ತಂದು ಹಾಕಿದ್ದಾರೆ. ನನ್ನ ಅಕ್ಕಪಕ್ಕದಲ್ಲಿ ಗ್ರೀಸಿನ ಡಬ್ಬ, ಹಳೆಯ ಬಾವುಟಗಳು. ನಿಜ ಹೇಳಬೇಕೆಂದರೆ ನನಗೆ ದಣಿವಾಗಿದೆ. ಮತ್ತೆ ಯಾರ ಮೈಯನ್ನೂ ಜುಮ್ಮೆನ್ನಿಸುವ ಆಸೆ ನನಗಿಲ್ಲ.

ಹೋದ ಬೇಸಿಗೆಯಲ್ಲಿ ಹಳಿ ಕೆಲಸಕ್ಕೆ ಸೇರಿದ ನಾಗವೇಣಿ ಎಂಬ ಹೆಣ್ಣುಮಗಳು ಊಟದ ಹೊತ್ತಿನಲ್ಲಿ ನನ್ನನ್ನು ಕಂಡು, ಧೂಳು ಕೊಡವಿದಳು. ದಿನಕ್ಕಿಷ್ಟು ಎಂದು ತನ್ನ ಗ್ಯಾಂಗಿನವರಿಗೆ ಗಟ್ಟಿಯಾಗಿ ಓದಿ ಹೇಳಿದಳು. ಸಂಗಪ್ಪ ನೀರು ಕುಡಿಯುವ ಹೊತ್ತಿಗೆ ಎಲ್ಲರ ಡಬ್ಬಿಯ ಅನ್ನ ಹಾಗೇ ಇತ್ತು. ಅವಳು ಹಾಳೆ ತಿರುಗಿಸಿ ಎಂಬತ್ತೊಂಬತ್ತರ ನಾಲ್ಕು ಸಾಲು ಓದಿ ನಿಲ್ಲಿಸಿದಳು.

“ಆಮೇಲೆ?” ಎಂದ ಮೇಸ್ತ್ರಿ.

“ಬಿತ್ತು ಅಂತ ಹಾಕವ್ರೆ ಅಣ್ಣ.”

“ನಿಂತಿರೋ ಗಾಡಿ ಹೆಂಗ್ ಬಿದ್ದಾತು?”

“ಅದೇ ಮತ್ತೆ” ಎಂದು ನಾಗವೇಣಿ, ಜೇಬಿನಲ್ಲಿದ್ದ ಸೀಮೆಸುಣ್ಣ ತೆಗೆದು, ಎಂಬತ್ತೊಂಬತ್ತನೆಯ ಪುಟದ ತಲೆಯ ಮೇಲೆ ಅಡ್ಡ ಗೆರೆ ಎಳೆದಳು. ಹಳಿಯಲ್ಲಿ ದೋಷ ಕಂಡ ಕಡೆ ಎಳೆಯುತ್ತಾರಲ್ಲ, ಹಾಗೆ. ಆಮೇಲೆ ನನ್ನನ್ನು ಮುಚ್ಚಿ ಬಾವುಟಗಳ ಪಕ್ಕಕ್ಕಿಟ್ಟು, ಅನ್ನ ಕಲಸಿಕೊಂಡಳು.