ಮೊನ್ನೆ ಎಂದರೆ ಯಾವತ್ತು

ಡಿಟೆಕ್ಟಿವ್ ವಿಹಾನ ನಾಲ್ಕನೆಯ ಮಹಡಿಯಿಂದ ಹಾರಿ, ಬಾಳೆಹಣ್ಣಿನ ತಳ್ಳುಗಾಡಿಯ ಮೇಲೆ ಬಿದ್ದು, ಎದ್ದು, ಕೋಟು ಕೊಡವಿಕೊಂಡು ಮತ್ತೆ ಓಡತೊಡಗಿದಾಗ ಮಹಾರುದ್ರಪ್ಪನವರು ಚಹದ ಬಸಿಯನ್ನು ಕೆಳಗಿಟ್ಟರು.

"ಗಾಡಿಯವನ ಹೆಸರು ಬರಕೊಂಡನೇನು ಇಂವ?"

"ಇಲ್ರಿ ಕಾಕಾ. ಕಳ್ಳ ಓಡಿ ಹೋಗಾಕತ್ತಾನ," ಎಂದಳು ಶೀತಲ್, ಲ್ಯಾಪ್‌ಟಾಪಿನ ಕೀಲಿಗಳ ಮೇಲಿಂದ ಬೆರಳು ತೆಗೆಯದೆ.

"ಕಳ್ಳ ಇವತ್ತ ಓಡ್ತಾನ. ಬಾಳಿಹಣ್ಣಿನಾಂವ ನಾಳಿಗಿ ಠಾಣಾಕ್ಕ ಬರ್ತಾನ. ಅವನ ಕಂಪ್ಲೇಂಟ್ ಬರಕೊಳ್ಳಾಂವ ಯಾರು?"

ಬರೆದುಕೊಳ್ಳುವವರು ಒಂದು ಕಾಲಕ್ಕೆ ಮಹಾರುದ್ರಪ್ಪನವರೇ ಆಗಿದ್ದರು. ಪೊಲೀಸ್ ಖಾತೆಯಲ್ಲಿ ಮೂವತ್ತೊಂದು ವರ್ಷ ಕಳೆದವರು. ಅದರಲ್ಲಿ ಬಹುಪಾಲು ಠಾಣೆಯ ರೈಟರ್ ಆಗಿ. ಓಡುವುದು, ಹಾರುವುದು ಉಳಿದವರ ಕೆಲಸ. ಅವರು ಓಡಿದ್ದನ್ನೂ ಹಾರಿದ್ದನ್ನೂ ನಂಬುವ ಹಾಗೆ ಕಾಗದಕ್ಕಿಳಿಸುವುದು ಇವರ ಕೆಲಸ. ನಿವೃತ್ತರಾಗಿ ಹನ್ನೊಂದು ವರ್ಷದಿಂದ ಬಸವಕಲ್ಯಾಣದ ಈ ಮನೆಯಲ್ಲಿ ಪೇಪರು ಓದಿ, ಅದರಲ್ಲಿ ಬರುವ ಅಪರಾಧ ಸುದ್ದಿಗಳ ವಾಕ್ಯಗಳನ್ನು ಪೆನ್ಸಿಲಿನಿಂದ ತಿದ್ದಿಕೊಂಡು ಕೂತಿದ್ದಾರೆ.

ಶೀತಲ್ ಅವರ ತಮ್ಮನ ಮಗಳು. ಹುಮನಾಬಾದಿನ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುತ್ತಾಳೆ. ಬೆಳಗಿನ ಬಸ್ಸಿಗೆ ಲ್ಯಾಪ್‌ಟಾಪ್ ಹೆಗಲಿಗೇರಿಸಿ ಬಂದಿದ್ದಳು. ಪುಣೆಯ ಕಂಪನಿಯೊಂದು 'ಕೊನೆಯ ಸುಳಿವು' ಎಂಬ ಪತ್ತೇದಾರಿ ಗೇಮ್ ಮಾಡಿ, ಈಗ ಅದನ್ನು ಕನ್ನಡಕ್ಕೆ ತಂದಿತ್ತು. ಪೂರ್ತಿ ಆಡಿ, ಇದರ ಬಲವೇನು, ಕೊರತೆಯೇನು ಎಂದು ಸಂಜೆ ಐದರೊಳಗೆ ವರದಿ ಕಳಿಸಬೇಕು. ಧಾರವಾಡದ ಒಬ್ಬ, ಮೈಸೂರಿನ ಒಬ್ಬಳು ಇದೇ ವರದಿ ಬರೆಯುತ್ತಿದ್ದರು. ಮೂವರಲ್ಲಿ ಒಬ್ಬರಿಗೆ ಕಂಪನಿಯ ಕನ್ನಡ ತಿದ್ದುವ ಕಾಯಂ ಕೆಲಸ, ಅದೂ ಊರಲ್ಲೇ ಕೂತು. ಆ ಇಬ್ಬರಿಗಿಂತ ತಾನು ಚೆನ್ನಾಗಿ ಬರೆಯುತ್ತೇನೆಂಬುದರಲ್ಲಿ ಶೀತಲ್‌ಗೆ ಅನುಮಾನವಿರಲಿಲ್ಲ. ಪೊಲೀಸರ ವಿಷಯವೊಂದಕ್ಕೆ ಕಾಕಾನನ್ನು ಕೇಳಿದರಾಯಿತು ಎಂದುಕೊಂಡಿದ್ದಳು.

ಬಲ ಬರೆಯುವುದು ಸುಲಭವಾಗಿತ್ತು. ಮಳೆ ನಿಂತ ಮೇಲಿನ ಓಣಿಗಳು ಕಣ್ಣಿಗೆ ಹಬ್ಬ. ಮಣ್ಣು, ಫರ್ಸಿ ಕಲ್ಲು, ತಗಡು, ಒಂದೊಂದರ ಮೇಲೂ ಓಡುವ ಹೆಜ್ಜೆಯ ಸದ್ದು ಬೇರೆ. ಹೊಡೆದಾಟದಲ್ಲಿ ಏಟು ತಪ್ಪಿದರೆ ವಿಹಾನನಿಗೆ ನಿಜವಾಗಿ ಏದುಸಿರು ಬರುತ್ತದೆ. ನೀಲಿ ಟಾರ್ಚು ಹಿಡಿದರೆ ನೆಲದಲ್ಲಿ ಬೂಟಿನ ಗುರುತು ಎದ್ದು ಕಾಣುತ್ತದೆ. ಆ ಟಾರ್ಚು ಕಂಡು ಮಹಾರುದ್ರಪ್ಪನವರಿಗೂ ಆಸೆಯಾಯಿತು.

"ನಮ್ಮ ಠಾಣಾದಾಗ ಒಂದ ಟಾರ್ಚ್ ಇತ್ತು. ಅದನ್ನ ಹುಡಕಲಾಕ ಇನ್ನೊಂದು ಟಾರ್ಚ್ ಬೇಕಿತ್ತು."

ಕೊರತೆಗಳನ್ನು ಅವರು ಕೇಳದೆಯೇ ಹೇಳಿದರು. ವಿಹಾನ ಬಾಗಿಲು ತಟ್ಟದೆ ಒಳಗೆ ಹೋಗುತ್ತಾನೆ. ಸಿಕ್ಕಿದ್ದನ್ನೆಲ್ಲ ಬರಿಗೈಯಲ್ಲಿ ಮುಟ್ಟುತ್ತಾನೆ. "ಪಂಚರೆಲ್ಲಿ? ಇಬ್ಬರು ದೊಡ್ಡ ಮನುಷ್ಯಾರ್ನ ಸಾಕ್ಷಿಗಿ ನಿಂದರಿಸಿ, ಅವರ ಮುಂದ ಬರದು, ಸಹಿ ತಗೋಬೇಕು. ಅವರನ್ನ ಹುಡಕೂದ್ರಾಗ ಅರ್ಧ ದಿನ ಹೋಗ್ತದ."

"ಅದನ್ನ ಇಟ್ರ ಈ ಗೇಮ್ ಯಾರ್ ಆಡ್ತಾರ್ರಿ ಕಾಕಾ?"

"ಯಾರೂ ಆಡಂಗಿಲ್ಲ. ನಾವೇನ್ ಆಡೀವೇನು? ಮಾಡೀವಿ."

ಶೀತಲ್ ಅದನ್ನು ಬರೆಯಲಿಲ್ಲ. ಅದು ಗೇಮಿನ ಕೊರತೆಯಲ್ಲ, ಕಾಕಾನ ತಕರಾರು. ಎರಡಕ್ಕೂ ಇರುವ ವ್ಯತ್ಯಾಸ ಅವಳಿಗೆ ಗೊತ್ತಿತ್ತು.

ಮೂರು ಗಂಟೆಗೆ ಕೊನೆಯ ಕೇಸು ಬಂತು. ಅದರ ಮಾತುಗಳನ್ನೆಲ್ಲ ಕನ್ನಡಕ್ಕೆ ತಂದವನು ಪುಣೆಯ ಅಜೀತ. ಹುಟ್ಟಿದ್ದು ಚಿಟಗುಪ್ಪ, ಬೆಳೆದದ್ದೆಲ್ಲ ಪುಣೆಯಲ್ಲಿ. ಮೂವರಲ್ಲಿ ಯಾರನ್ನು ತೆಗೆದುಕೊಳ್ಳಬೇಕೆಂದು ತೀರ್ಮಾನಿಸುವವನೂ ಅವನೇ. ಬೆಳಿಗ್ಗೆ ಫೋನಿನಲ್ಲಿ ನಯವಾಗಿ ಹೇಳಿದ್ದ: "ಕೊರತಿ ಭಾಳ ಬರೀಬ್ಯಾಡ್ರಿ ಮೇಡಂ. ಕೊನೀ ಕೇಸ್ ಅಂತೂ ಎಲ್ಲಾರಿಗೂ ಸೇರ್ಯಾದ."

ಎಣ್ಣೆ ಗಿರಣಿಯ ಸೇಠ್ ಒಬ್ಬ ಕೊಲೆಯಾಗಿದ್ದ. ಗಿರಣಿಯ ಗೇಟಿನಲ್ಲಿ ಹೂ ಮಾರುವ ಜಗದೇವಿ ಎಂಬ ಮುದುಕಿಯನ್ನು ವಿಹಾನ ಠಾಣೆಗೆ ಕರೆತಂದು, ಸೇಠ್‌ನನ್ನು ಕಡೆಗೆ ಯಾವಾಗ ನೋಡಿದೆ ಎಂದು ಕೇಳಿದ. "ಮೊನ್ನೆ ಬಂದಿದ್ರು ಸಾಹೇಬರೆ, ಎರಡು ಮೊಳ ಮಲ್ಲಿಗೆ ತಗೊಂಡ್ರು," ಎಂದಳು ಮುದುಕಿ. ಆದರೆ ರೈಲು ಟಿಕೆಟಿನ ಪ್ರಕಾರ ಮೊನ್ನೆ ಸೇಠ್ ಸೋಲಾಪುರದಲ್ಲಿದ್ದ. ಪರದೆಯ ಮೇಲೆ ಕೆಂಪಗೆ 'ಸುಳ್ಳು' ಎಂದು ಮೂಡಿತು. ಅದರ ಕೆಳಗೆ ಕೈಕೋಳದ ಗುಂಡಿ ಮಿನುಗಿತು. ಶೀತಲ್ ಒತ್ತಿದಳು. ತುತ್ತೂರಿ ಊದಿತು, ಕೊಲೆಗಾರ್ತಿ ಸಿಕ್ಕಳೆಂದು ಐದು ನಕ್ಷತ್ರ ಉದುರಿದವು.

ಬೆಳಗಿನಿಂದ ನಗುತ್ತಿದ್ದ ಮಹಾರುದ್ರಪ್ಪನವರು ನಗಲಿಲ್ಲ. "ಆಕಿನ್ನ ಯಾಕ ಹಿಡದಿ?"

"ಮೊನ್ನಿ ನೋಡೀನಿ ಅಂದ್ಲಲ್ರಿ. ಮೊನ್ನಿ ಆ ಸೇಠ್ ಊರಾಗ ಇದ್ದಿಲ್ಲ."

ಅವರು ಅಡುಗೆಮನೆಯಲ್ಲಿದ್ದ ಹೆಂಡತಿಯ ಕಡೆ ತಿರುಗಿದರು. "ಏ ಪಾರ್ವತೀ, ಈ ಫ್ರಿಜ್ ಯಾವಾಗ ತಂದೀವಿ?"

"ಮೊನ್ನಿ ತಂದೀವಲ್ರಿ," ಎಂದರು ಪಾರ್ವತಿಬಾಯಿ, ಮಂಡಕ್ಕಿಯ ಸುಸಲಾ ಕಲಸುತ್ತ. "ಯಾಕ, ಕೆಟ್ಟದೇನು?"

"ಆರು ವರ್ಷ ಆತು," ಎಂದರು ಮಹಾರುದ್ರಪ್ಪ. "ಹಾಕು ಬೇಡಿ ನಿಮ್ಮ ಕಾಕುಗೂ."

ಶೀತಲ್ ನಕ್ಕಳು; ನಗು ಅರ್ಧಕ್ಕೇ ನಿಂತಿತು. ತಾನೂ ಇದೇ ಮಾತಾಡಿಕೊಂಡು ಬೆಳೆದವಳು, ಆದರೂ ಗುಂಡಿ ಒತ್ತಿದ್ದಳು.

"ನಾ ಹೊಸದಾಗಿ ಸೇರಿದಾಗ ಮುಡಬಿ ಕಡಿಯಾಂವ ಒಬ್ಬಾಂವ ಬಂದಿದ್ದ," ಎಂದರು ಅವರು, ದನಿ ತಗ್ಗಿಸಿ. "ಎಮ್ಮಿ ಕಳುವಿನ ಕೇಸು. ಈ ಎಮ್ಮಿ ಯಾವಾಗ ಕೊಂಡಿ ಅಂದ್ರ, ಮೊನ್ನಿ ಕೊಂಡೀನ್ರಿ ಅಂದ. ನಾ ಶ್ಯಾಣ್ಯಾ, ಎರಡು ದಿನ ಹಿಂದಕ್ಕ ಎಣಿಸಿ ತಾರೀಖ ಹಾಕಿದೆ. ಎಮ್ಮಿ ಕಳುವಾಗಿದ್ದೂ ಅದೇ ದಿನ. ಎರಡೂ ಎಮ್ಮಿ ಕರೇವೇ ಇದ್ವು. ಅಂವ ಹನ್ನೊಂದು ದಿನ ಒಳಗಿದ್ದ. ಖರೇ ಅಂದ್ರ ಕೊಂಡಿದ್ದು ಹಿಂದಿನ ಬ್ಯಾಸಿಗ್ಯಾಗ."

ಪಾರ್ವತಿಬಾಯಿಯವರ ಕೈ ಬೋಗುಣಿಯಲ್ಲಿ ನಿಂತಿತು. ಈ ಮಾತನ್ನು ಅವರೂ ಕೇಳಿರಲಿಲ್ಲ.

"ಅವತ್ತಿನಿಂದ ಯಾರು ಮೊನ್ನಿ ಅಂದ್ರೂ ನಂದು ಒಂದೇ ಪ್ರಶ್ನಿ. ಯಾವ ಮೊನ್ನಿ? ತೊಗರಿ ರಾಶಿಗಿಂತ ಮುಂಚೋ, ಹಿಂದೋ?"

ಶೀತಲ್ ವರದಿ ತೆರೆದಳು. ಬರೆಯದೆ ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಬರೆದರೆ, ತೀರ್ಮಾನಿಸುವವನ ಕೈಬರಹಕ್ಕೇ ಕೆಂಪು ಗೀಟು. ಮೊದಲು ಅವನ ಕಿವಿಗೇ ಹಾಕೋಣವೆಂದು ಅಜೀತನಿಗೆ ಫೋನ್ ಹಚ್ಚಿ ಸ್ಪೀಕರ್ ಮೇಲಿಟ್ಟಳು.

ಅವನು ಪೂರ್ತಿ ಕೇಳಿ, "ಡಿಕ್ಷನರಿ ನೋಡೇ ಬರ್ದೀನ್ರಿ," ಎಂದ. "ಮೊನ್ನೆ ಅಂದ್ರ ನಿನ್ನೆಯ ಹಿಂದಿನ ದಿನ."

"ಡಿಕ್ಷನರಿ ಖರೇನ ಅದರಿ. ಆದ್ರ ಜಗದೇವಿ ಡಿಕ್ಷನರಿ ನೋಡಿಲ್ರಿ."

"ಧಾರವಾಡದವರು, ಮೈಸೂರಿನವರು ಇಬ್ಬರೂ ಈ ಕೇಸ್ ಮಸ್ತ್ ಅದ ಅಂತ ಬರದು ಕಳಿಸ್ಯಾರ."

"ಅಂದ್ರ ಅವರೂ ಮುದುಕಿನ್ನ ಒಳಗ ಹಾಕ್ಯಾರ."

ಮಹಾರುದ್ರಪ್ಪನವರು ನಗು ಕಾಣದ ಹಾಗೆ ಪೇಪರು ಮುಖಕ್ಕೆ ಅಡ್ಡ ಹಿಡಿದರು.

"ಇಡೀ ಕೇಸ್ ಆ ಒಂದು ಶಬ್ದದ ಮ್ಯಾಲ ನಿಂತದ್ರಿ ಮೇಡಂ. ಅದನ್ನ ತಗದ್ರ ಎಲ್ಲಾ ಬೀಳ್ತದ."

"ತಗೀಬ್ಯಾಡ್ರಿ. ವಿಹಾನ ತಿರುಗಿ ಒಂದ ಮಾತು ಕೇಳಲಿ, ಯಾವ ಮೊನ್ನಿ ಅಂತ. ಆ ಭಾಗ ನಾ ಬರದು ಕೊಡ್ತೀನಿ." ಹಾಗೇ ಕೇಳಿದಳು: "ಚಿಟಗುಪ್ಪದಾಗ ಯಾರದಾರ್ರಿ ನಿಮಗ?"

"ಆಯಿ ಅದಾಳ. ನಮ್ಮ ಅಪ್ಪನ ಅವ್ವ."

"ಆಕಿಗಿ ಫೋನ್ ಹಚ್ಚಿ ಕೇಳ್ರಿ, ನಾ ಕಡೀಕ ಯಾವಾಗ ಬಂದಿದ್ದೆ ಅಂತ."

ಅಜೀತ ಫೋನ್ ಇಟ್ಟ. ಶೀತಲ್ ಕೊರತೆಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬರೆದಳು: ಕೊನೆಯ ಕೇಸಿನಲ್ಲಿ ನಿರಪರಾಧಿಯೊಬ್ಬಳನ್ನು ಹಿಡಿದವರಿಗೆ ಐದು ನಕ್ಷತ್ರ ಸಿಗುತ್ತದೆ. ಓದಿ, ಒಂದು ಅಲ್ಪವಿರಾಮವನ್ನೂ ಬದಲಿಸದೆ ಕಳಿಸಿಬಿಟ್ಟಳು. ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು.

"ಹೋತೇನು ನೌಕರಿ?" ಎಂದು ಪಾರ್ವತಿಬಾಯಿ ಸುಸಲಾದ ತಾಟು ಮುಂದಿಟ್ಟರು.

"ಇನ್ನಾ ಬಂದೇ ಇಲ್ರಿ ಕಾಕು, ಎಲ್ಲಿ ಹೋಗ್ತದ," ಎಂದು ಶೀತಲ್ ಎರಡು ತುತ್ತು ನೆಮ್ಮದಿಯಿಂದ ತಿಂದಳು. ಮೂರನೆಯದಕ್ಕೆ ಫೋನ್ ಬಂತು.

ಅಜೀತನ ದನಿ ಸಣ್ಣಗಾಗಿತ್ತು. "ಮೊನ್ನಿ ಬಂದಿದ್ದಿ ಅಂದ್ಲರಿ."

"ಹೌದ್ರಿ? ಹೋಗಿ ಎಷ್ಟ ದಿನಾ ಆತು?"

ಆ ಕಡೆ ಯಾವುದೋ ಬಾಗಿಲು ಮುಚ್ಚಿದ ಸದ್ದು. "ಮೂರು ವರ್ಷ." ಆಮೇಲೆ ಹೇಳಿದ: "ಮೇಡಂ, ಉಳಿದ ನಾಲ್ಕು ಕೇಸೂ ಒಮ್ಮಿ ಸೋಸಿ ನೋಡ್ರಿ ಹಂಗಾರ. ಅವನ್ನೂ ನಾನ ಬರ್ದೀನಿ. ಸೋಮವಾರದಿಂದ ಸುರು ಮಾಡ್ರಿ. ನೌಕರಿ ಕಾಗದ ಇವತ್ತ ಕಳಸ್ತೀನಿ."

ಶೀತಲ್ ಸೋಮವಾರದ ತನಕ ಕಾಯಲಿಲ್ಲ. ಕೈ ಒರೆಸಿಕೊಂಡು ಕೊನೆಯ ಕೇಸನ್ನು ಮತ್ತೆ ತೆರೆದಳು. ಬೇಡಿ ಬೀಳುವ ಮೊದಲಿನ ಜಾಗ. ಠಾಣೆಯ ಮೇಜಿನ ಎದುರು ಜಗದೇವಿ ಬಿದಿರ ಬುಟ್ಟಿ ಹಿಡಿದು ನಿಂತಿದ್ದಳು. ಆಡುವವರು ಗುಂಡಿ ಒತ್ತುವ ತನಕ ಅವಳು ಹಾಗೇ ನಿಂತಿರುತ್ತಾಳೆ.

ಮಹಾರುದ್ರಪ್ಪನವರು ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡರು. "ಮೊದಲ ಆಕಿಗಿ ಕುಂಡ್ರು ಅನ್ನು. ವಯಸ್ಸಾಗ್ಯಾದ."

ಶೀತಲ್ ಕೀಲಿಗಳ ಪಟ್ಟಿ ತೆಗೆದು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಓಡು, ಹಾರು, ಗುದ್ದು, ಒದೆ, ಟಾರ್ಚು, ಕೈಕೋಳ. 'ಕೂರಿಸು' ಎಂಬುದನ್ನು ಇನ್ನೊಮ್ಮೆ ಹುಡುಕಿದಳು. ಪರದೆಯಲ್ಲಿ ಮುದುಕಿ ಬುಟ್ಟಿಯನ್ನು ಎಡಗಡೆಯ ಸೊಂಟದಿಂದ ಬಲಗಡೆಗೆ ಬದಲಿಸಿ, ಸೆರಗು ತಲೆಯ ಮೇಲೆ ಎಳೆದುಕೊಂಡು, ಭಾರವನ್ನು ಇನ್ನೊಂದು ಕಾಲಿಗೆ ಹಾಕಿ ನಿಂತಳು.